ಬಲಾಂಗಿಗದ ಗಂಟೆಗಳು ಯಾರ ಸ್ವತ್ತು?

ಕಾರ್ಕಳದ ಅತ್ತೂರಿಗೆ ಒಮ್ಮೆಯಾದರೂ ಹರಕೆ ಹೊತ್ತು ಹೋಗದ ಕಥೋಲಿಕ ಕುಟುಂಬ ನಮ್ಮ ಕರಾವಳಿಯಲ್ಲಿ ವಿರಳ. ಅಲ್ಲಿನ ಪಾಲಕರಾದ ಸಂತ ಲಾರೆನ್ಸರ ಹೆಸರನ್ನೇ ಹೊತ್ತ ಇನ್ನೊಂದು ಧರ್ಮಕೇಂದ್ರ ಸಾವಿರಾರು ಮೈಲು ದೂರದ ಫಿಲಿಪ್ಪೀನ್ಸ್ ದೇಶದಲ್ಲಿ, ಸಾಮಾರ್ ದ್ವೀಪದ ದಕ್ಷಿಣ ತೀರದಲ್ಲಿದೆ. ಊರಿನ ಹೆಸರು ಬಲಾಂಗಿಗ. ಅಲ್ಲಿಯ ದೇವಾಲಯದ ಮೂರು ಗಂಟೆಗಳನ್ನು 1901ರ ಯುದ್ಧದ ಬೆನ್ನಿಗೆ ಅಮೆರಿಕದ ಸೈನಿಕರು ಹೊತ್ತೊಯ್ದರು. ಅವು ತಮ್ಮ ಗೋಪುರಕ್ಕೆ ಮರಳಿದ್ದು 2018ರ ಡಿಸೆಂಬರಿನಲ್ಲಿ, 117 ವರ್ಷಗಳ ಬಳಿಕ. ಮರಳಿದ್ದು ಸರಿಯೇ, ಯಾರ ಹಕ್ಕಿನಿಂದ ಮರಳಿದವು, ಮರಳಿದ ಮೇಲೆ ಅವು ಎಲ್ಲಿರಬೇಕು ಎಂಬ ಪ್ರಶ್ನೆಗಳ ಕುರಿತು ಆಗ ನಡೆದ ಚರ್ಚೆಯಲ್ಲಿ ರಾಜಕಾರಣಿಗಳ ದನಿಯೇ ಹೆಚ್ಚು ಕೇಳಿಸಿತು. ಧರ್ಮಸಭೆಯ ಚಿಂತನೆಯ ದಾರಿಯಿಂದ ಅದನ್ನು ನೋಡಿದರೆ ಏನು ಕಾಣುತ್ತದೆ ಎಂಬುದನ್ನು ವಾಚಕರ ಮುಂದಿಡಲು ನಾವು ಇಲ್ಲಿ ಯತ್ನಿಸುತ್ತೇವೆ.

ಮೊದಲು ಭೂಗೋಳ. ಅದನ್ನು ಬಿಟ್ಟರೆ ಈ ಊರಿನ ಇತಿಹಾಸ ಅರ್ಥವಾಗದು. ಏಳು ಸಾವಿರಕ್ಕೂ ಮಿಕ್ಕಿದ ದ್ವೀಪಗಳ ಆ ದೇಶದಲ್ಲಿ ಲುಜಾನ್ ಮತ್ತು ಮಿಂದನಾವೊ ಬಿಟ್ಟರೆ ಮೂರನೆಯ ದೊಡ್ಡ ದ್ವೀಪ ಸಾಮಾರ್. ಅದರ ಒಡಲೆಲ್ಲ ಗುಡ್ಡ ಮತ್ತು ದಟ್ಟ ಕಾಡು. ಜನವಸತಿ ಇರುವುದು ಬಹುಮಟ್ಟಿಗೆ ಅಂಚಿನಲ್ಲಿ, ನದಿಗಳು ಸಮುದ್ರ ಸೇರುವ ಅಳಿವೆಗಳಲ್ಲಿ. ಬಲಾಂಗಿಗವೂ ಅದೇ ಹೆಸರಿನ ನದಿಯ ಬಾಯಲ್ಲಿ, ಲೇಟೆ ಕೊಲ್ಲಿಗೆ ಮುಖಮಾಡಿ ಕುಳಿತಿದೆ. ಪಶ್ಚಿಮಕ್ಕೆ ಲಾವಾನ್, ಪೂರ್ವಕ್ಕೆ ಗಿಪೊರ್ಲೊಸ್. ಹಿಂದೆ ಇವೆರಡೂ ಬಲಾಂಗಿಗದ ಹಳ್ಳಿಗಳೇ ಆಗಿದ್ದವು. ಪುರಸಭೆ ಎಂದು ಕರೆದರೂ ಜನಸಂಖ್ಯೆ ಹದಿನಾಲ್ಕು ಸಾವಿರದ ಆಸುಪಾಸು. ತೆಂಗು, ಭತ್ತ, ಮೀನುಗಾರಿಕೆ, ಹಗ್ಗ ಹೊಸೆಯುವ ಅಬಾಕ ನಾರು ಎಂಬಿವು ಈ ಸೀಮೆಯ ಬದುಕಿನ ಆಧಾರ. ಆಡುಮಾತು ವಾರಾಯ್. 1965ರಲ್ಲಿ ಸಾಮಾರ್ ಪ್ರಾಂತ್ಯವನ್ನು ಮೂರಾಗಿ ಹಂಚಿದಾಗ ಈ ಊರು ಪೂರ್ವ ಸಾಮಾರಿನ ಪಾಲಿಗೆ ಬಂತು. ಅದು ಸೇರಿರುವ ಧರ್ಮಪ್ರಾಂತ್ಯದ ಪೀಠ ಬೊರೊಂಗನ್ ನಗರದಲ್ಲಿದೆ.

ಶಾಂತ ಮಹಾಸಾಗರದಲ್ಲಿ ಹುಟ್ಟುವ ಚಂಡಮಾರುತಗಳಿಗೆ ಈ ದ್ವೀಪವೇ ಹೆಬ್ಬಾಗಿಲು. 2013ರ ನವೆಂಬರ್ 8ರಂದು ಹೈಯಾನ್ ಎಂದು ಜಗತ್ತು ಕರೆದ ಬಿರುಗಾಳಿ ಮೊದಲು ನೆಲ ಮುಟ್ಟಿದ್ದು ನೆರೆಯ ಗಿವಾನ್ ಪಟ್ಟಣದಲ್ಲಿ. ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ದುಃಖಿತರ ನಡುವೆ ಬಲಿಪೂಜೆ ಅರ್ಪಿಸಲು ಪೋಪ್ ಫ್ರಾನ್ಸಿಸರು 2015ರ ಜನವರಿಯಲ್ಲಿ ಕೊಲ್ಲಿಯ ಆಚೆ ದಡದ ತಕ್ಲೊಬಾನಿಗೆ ಬಂದಾಗಲೂ ಬಿರುಗಾಳಿ ಬೀಸುತ್ತಿತ್ತು. ಹಳದಿ ಮಳೆಯಂಗಿ ತೊಟ್ಟು ನಿಂತ ಅವರ ಚಿತ್ರವನ್ನು ಅನೇಕರು ಕಂಡಿರಬಹುದು.

ಕ್ರೈಸ್ತ ವಿಶ್ವಾಸ ಈ ಸೀಮೆಯ ಹೊಸ್ತಿಲಿಗೆ ಬಂದದ್ದು 1521ರ ಮಾರ್ಚಿಯಲ್ಲಿ. ಮೆಗೆಲನ್ನನ ಹಡಗುಗಳು ಸಾಮಾರಿನ ಬೆಟ್ಟಗಳನ್ನು ದೂರದಿಂದ ಕಂಡು, ಸಮೀಪದ ಹೊಮೊನ್ಹೊನ್ ಎಂಬ ಪುಟ್ಟ ದ್ವೀಪದಲ್ಲಿ ನೀರು ತುಂಬಿಸಿಕೊಂಡು ಮುಂದೆ ಸಾಗಿದವು. ವಿಶ್ವಾಸ ಬೇರು ಬಿಟ್ಟದ್ದು ಮಾತ್ರ ಆ ಶತಮಾನದ ಕೊನೆಯಲ್ಲಿ ಯೇಸುಸಭೆಯ ಗುರುಗಳಿಂದ. 1768ರಲ್ಲಿ ಯೇಸುಸಭೆಯವರನ್ನು ಸ್ಪೇನಿನ ದೊರೆ ಹೊರದೂಡಿದ ಮೇಲೆ ದಕ್ಷಿಣ ಸಾಮಾರಿಗೆ ಮೊದಲು ಅಗಸ್ಟೀನಿಯನ್ನರು, ಬಳಿಕ ಫ್ರಾನ್ಸಿಸ್ಕನ್ನರು ಬಂದರು. ಬಲಾಂಗಿಗದ ಗಂಟೆಗಳು ಈ ಫ್ರಾನ್ಸಿಸ್ಕನ್ ಕಾಲದವು. ದೊಡ್ಡದರ ಮೇಲೆ ಫ್ರಾನ್ಸಿಸ್ಕನ್ ಸಭೆಯ ಲಾಂಛನ ಮತ್ತು 1853 ಎಂಬ ವರ್ಷ; ಎರಡನೆಯದರ ಮೇಲೆ 1889; ಚಿಕ್ಕದರ ಮೇಲೆ 1895. ಕೊನೆಯ ಎರಡೂ ಮರಳಿ ಎರಕ ಹೊಯ್ದವು. ಆಯಾ ಕಾಲದ ಧರ್ಮಕೇಂದ್ರದ ಗುರುಗಳ ಹೆಸರೂ ಅವುಗಳ ಮೈಮೇಲೆ ಇದೆ. ಒಡೆದ ಗಂಟೆಯನ್ನು ಕರಗಿಸಿ ಮತ್ತೆ ಹೊಯ್ಯಿಸುವುದು ಬಡ ಊರಿಗೆ ಸಣ್ಣ ಖರ್ಚಲ್ಲ. ಧರ್ಮಕೇಂದ್ರದ ಲೆಕ್ಕಪುಸ್ತಕ ನೋಡಿ ಬಲ್ಲವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು 1901ರ ಸಂಗತಿ. ಸ್ಪೇನ್ 1898ರ ಪ್ಯಾರಿಸ್ ಒಪ್ಪಂದದಲ್ಲಿ ಎರಡು ಕೋಟಿ ಡಾಲರಿಗೆ ಫಿಲಿಪ್ಪೀನ್ಸನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಆ ಜನರನ್ನು ಯಾರೂ ಕೇಳಲಿಲ್ಲ. ಸ್ಪೇನಿನ ವಿರುದ್ಧ ಬಂಡೆದ್ದು ಸ್ವಾತಂತ್ರ್ಯ ಸಾರಿದ್ದ ಜನ 1899ರ ಫೆಬ್ರವರಿಯಿಂದ ಹೊಸ ಒಡೆಯನ ವಿರುದ್ಧ ಕಾದಾಡಿದರು. ಸಾಮಾರಿನಲ್ಲಿ ಆ ಹೋರಾಟದ ನಾಯಕ ಜನರಲ್ ವಿಸೆಂತೆ ಲುಕ್ಬಾನ್. ಅವನ ಪಡೆ ಒಳನಾಡಿನ ಕಾಡಿನಲ್ಲಿತ್ತು. ನಾವು ಮೊದಲೇ ಹೇಳಿದ ಭೂಗೋಳ ಇಲ್ಲಿ ಕೆಲಸ ಮಾಡಿತು. ಕಾಡಿಗೆ ಅಕ್ಕಿ ಹೋಗಬೇಕಾದರೆ ಅಳಿವೆಯ ಮೂಲಕವೇ ಹೋಗಬೇಕು. ಅಳಿವೆಗಳನ್ನು ಮುಚ್ಚಿದರೆ ಬಂಡಾಯ ಹಸಿವಿನಿಂದ ಸಾಯುತ್ತದೆ. ಈ ಲೆಕ್ಕಾಚಾರದಿಂದಲೇ 1901ರ ಆಗಸ್ಟ್ 11ರಂದು ಅಮೆರಿಕದ 9ನೆಯ ಪದಾತಿ ದಳದ 'ಸಿ' ಕಂಪೆನಿ, 74 ಮಂದಿ, ಬಲಾಂಗಿಗದಲ್ಲಿ ಬಂದಿಳಿಯಿತು. ಅಧಿಕಾರಿಗಳು ದೇವಾಲಯದ ಪಕ್ಕದ ಗುರುನಿವಾಸದಲ್ಲಿ ಬೀಡುಬಿಟ್ಟರು.

ಮುಖ್ಯಾಧಿಕಾರಿ ಕ್ಯಾಪ್ಟನ್ ಥಾಮಸ್ ಕಾನೆಲ್ ನಮ್ಮಂತೆಯೇ ಕಥೋಲಿಕನಾಗಿದ್ದ ಎಂಬುದನ್ನು ಮರೆಯುವಂತಿಲ್ಲ. ಆತ ಕ್ರೂರಿಯೆಂದು ಹೆಸರಾದವನಲ್ಲ, ಶಿಸ್ತಿನ ಮನುಷ್ಯ. ಮೊದಲ ವಾರಗಳಲ್ಲಿ ಊರಿಗೂ ದಂಡಿಗೂ ದೊಡ್ಡ ಜಗಳವಿರಲಿಲ್ಲ. ಸೆಪ್ಟೆಂಬರಿನಲ್ಲಿ ಊರನ್ನು ಸ್ವಚ್ಛಗೊಳಿಸಬೇಕೆಂದು ಅಪ್ಪಣೆಯಾಯಿತು. ಮನೆಯ ಸುತ್ತ ಬೆಳೆದು ಹೊಟ್ಟೆಗಾಗುತ್ತಿದ್ದ ಗಿಡಗಳೂ ಈ ಸವರುವಿಕೆಯಲ್ಲಿ ಸೇರಿಹೋದವು. ಕೆಲಸಕ್ಕೆಂದು ಸುಮಾರು 80 ಗಂಡಸರನ್ನು ಹಿಡಿದು, ತಲಾ 16 ಮಂದಿಗೆಂದು ಮಾಡಿದ ಎರಡು ಡೇರೆಗಳಲ್ಲಿ ರಾತ್ರಿಯಿಡೀ ತುಂಬಿದರು. ಬೋಲೊ ಕತ್ತಿಗಳನ್ನು ಕಸಿದುಕೊಂಡರು. ಕೂಡಿಟ್ಟ ಅಕ್ಕಿಯನ್ನು ಹಾಳುಗೆಡವಿದರು. ರೈತನ ಕೈಯಿಂದ ಕತ್ತಿಯನ್ನೂ ಮನೆಯಿಂದ ಅಕ್ಕಿಯನ್ನೂ ಕಿತ್ತುಕೊಂಡವನು ಆತನಿಗೆ ಬಿಟ್ಟದ್ದಾದರೂ ಏನು? ಹಾಗೆಂದು ಊರವರು ಅಲ್ಲಿಯವರೆಗೆ ಏನೂ ಯೋಚಿಸಿರಲಿಲ್ಲವೆಂದು ಹೇಳಿದರೆ ಅದೂ ಪೂರ್ಣ ಸತ್ಯವಾಗದು. ಮೇಲೆ ಸ್ನೇಹ ತೋರಿಸಿ ತಕ್ಕ ಸಮಯ ಬಂದಾಗ ಏಳುವೆವೆಂದು ಊರಿನ ಮುಖ್ಯಸ್ಥ ಪೆದ್ರೊ ಅಬಾಯನ್ ಲುಕ್ಬಾನನಿಗೆ ಆ ವರ್ಷದ ಮೇ ತಿಂಗಳಲ್ಲೇ ಬರೆದನೆನ್ನಲಾದ ಪತ್ರವಿದೆ.

ಸೆಪ್ಟೆಂಬರ್ 28, ಶನಿವಾರ. ಹಿಂದಿನ ರಾತ್ರಿ ಹೆಂಗಸರೂ ಮಕ್ಕಳೂ ಸದ್ದಿಲ್ಲದೆ ಊರು ಬಿಟ್ಟಿದ್ದರು. ಹೆಂಗಸರ ಉಡುಪಿನಲ್ಲಿ ಕೆಲವರು ಚಿಕ್ಕ ಶವಪೆಟ್ಟಿಗೆಗಳನ್ನು ಹೊತ್ತು ದೇವಾಲಯಕ್ಕೆ ಬಂದರು; ವಾಂತಿಭೇದಿಯಿಂದ ಸತ್ತ ಮಕ್ಕಳೆಂದು ಕಾವಲುಗಾರನಿಗೆ ಹೇಳಿದರಂತೆ. ಪೆಟ್ಟಿಗೆಗಳಲ್ಲಿ ಇದ್ದದ್ದು ಬೋಲೊ ಕತ್ತಿಗಳು. ಬೆಳಿಗ್ಗೆ ಆರೂವರೆಯ ಸುಮಾರಿಗೆ, ಸೈನಿಕರು ಬಂದೂಕು ದೂರವಿಟ್ಟು ಉಪಾಹಾರಕ್ಕೆ ಕುಳಿತಿದ್ದಾಗ, ಊರಿನ ಪೊಲೀಸು ಮುಖ್ಯಸ್ಥ ವಲೆರಿಯಾನೊ ಅಬನಾದೊರ್ ಕಾವಲುಗಾರನ ಬಂದೂಕನ್ನು ಕಸಿದು ಅವನನ್ನು ಕೆಡವಿದ. ದೇವಾಲಯದ ಗಂಟೆ ಮೊಳಗಿತು. ಆ ಗಂಟೆ ಮೂರರಲ್ಲಿ ಚಿಕ್ಕದೆಂದು ಸಂಶೋಧಕರ ಅಭಿಪ್ರಾಯ. 74 ಮಂದಿಯಲ್ಲಿ 48 ಮಂದಿ ಅಂದೇ ಅಥವಾ ಗಾಯದಿಂದ ಬಳಿಕ ಸತ್ತರು. 22 ಮಂದಿ ಗಾಯಗೊಂಡರು. ನಾಲ್ವರಿಗೆ ಮಾತ್ರ ಏನೂ ಆಗಲಿಲ್ಲ. ಕಾನೆಲ್ ಸತ್ತವರಲ್ಲಿ ಒಬ್ಬ. ಊರವರಲ್ಲಿ 28 ಮಂದಿ ಸತ್ತು 22 ಮಂದಿ ಗಾಯಗೊಂಡರೆಂದು ಲೆಕ್ಕ. ಬದುಕುಳಿದ ಸೈನಿಕರು ದೋಣಿಗಳಲ್ಲಿ ಬಾಸೆಯ್ ಪಟ್ಟಣ ಮುಟ್ಟಿದರು. ಮರುದಿನವೇ ಅಲ್ಲಿಂದ ಬಂದ ಇನ್ನೊಂದು ತುಕಡಿ ಬಲಾಂಗಿಗಕ್ಕೆ ಬೆಂಕಿಯಿಟ್ಟಿತು.

ಇಷ್ಟಕ್ಕೇ ನಿಂತಿದ್ದರೆ ಇದು ಆ ಯುದ್ಧದ ಅನೇಕ ಪುಟಗಳಲ್ಲಿ ಒಂದಾಗಿ ಉಳಿಯುತ್ತಿತ್ತು. ಬಳಿಕ ನಡೆದದ್ದು ಬೇರೆ ಜಾತಿಯದು. ಸೇಡಿಗೆಂದು ನೇಮಕಗೊಂಡ ಬ್ರಿಗೇಡಿಯರ್ ಜನರಲ್ ಜೇಕಬ್ ಸ್ಮಿತ್, ಕೈದಿಗಳು ಬೇಡ, ಕೊಲ್ಲಿರಿ, ಸುಡಿರಿ, ಆಯುಧ ಹಿಡಿಯಬಲ್ಲವರನ್ನೆಲ್ಲ ಕೊಲ್ಲಿರಿ ಎಂದು ತನ್ನ ಕೈಕೆಳಗಿನ ಮೇಜರ್ ವಾಲರನಿಗೆ ಅಪ್ಪಣೆ ಕೊಟ್ಟ. ವಯಸ್ಸಿನ ಮಿತಿ ಎಷ್ಟೆಂದು ವಾಲರ್ ಕೇಳಿದಾಗ ಬಂದ ಉತ್ತರ: ಹತ್ತು ವರ್ಷ. ಇದು ಶತ್ರುಪಕ್ಷ ಕಟ್ಟಿದ ಕಥೆಯಲ್ಲ. ಅಮೆರಿಕದ್ದೇ ಸೇನಾ ನ್ಯಾಯಾಲಯದ ವಿಚಾರಣೆಯಲ್ಲಿ ದಾಖಲಾದ ಮಾತು. ಹತ್ತು ವರ್ಷವೆಂದರೆ ನಮ್ಮಲ್ಲಿ ಪ್ರಥಮ ಪರಮಪ್ರಸಾದ ಸ್ವೀಕರಿಸುವ ಆಸುಪಾಸಿನ ವಯಸ್ಸು. ವಾಲರ್ ಆ ಮಾತನ್ನು ಅಕ್ಷರಶಃ ಪಾಲಿಸಲಿಲ್ಲವೆಂಬುದು ಅವನ ಪರವಾಗಿ ಹೇಳಬೇಕಾದ ಸಂಗತಿ. ಆದರೂ ಹನ್ನೊಂದು ದಿನಗಳಲ್ಲಿ 255 ಮನೆ ಸುಟ್ಟು, 39 ಜನರನ್ನು ಕೊಂದು, 13 ಎಮ್ಮೆಕೋಣಗಳನ್ನು ಗುಂಡಿಟ್ಟದ್ದಾಗಿ ಅವನ ವರದಿಯೇ ಹೇಳುತ್ತದೆ. ಇಡೀ ಸಾಮಾರಿನಲ್ಲಿ ಸತ್ತವರೆಷ್ಟು? ಎರಡು ಸಾವಿರದಷ್ಟು ಎನ್ನುವವರಿದ್ದಾರೆ, ಹತ್ತಾರು ಸಾವಿರ ಎನ್ನುವವರೂ ಇದ್ದಾರೆ. ಇತಿಹಾಸಕಾರರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಒಂದು ಕಡೆಯ ಸತ್ತವರ ಲೆಕ್ಕ ತಲೆ ಎಣಿಸಿದಷ್ಟು ಕರಾರುವಾಕ್ಕಾಗಿ ಇರುವುದು, ಇನ್ನೊಂದು ಕಡೆಯದು ಅಂದಾಜಿನಲ್ಲೇ ಉಳಿಯುವುದು, ಇದೇ ಆ ಕಾಲದ ನ್ಯಾಯ ಹೇಗಿತ್ತೆಂಬುದಕ್ಕೆ ಸಾಕ್ಷಿ.

ಗುರುಗಳೂ ತಪ್ಪಿಸಿಕೊಳ್ಳಲಿಲ್ಲ. ಬಲಾಂಗಿಗದ ಆಗಿನ ಧರ್ಮಗುರು ಫಾದರ್ ದೊನಾತೊ ಗಿಂಬಾವೊಲಿಬೊತ್ ಹಾಗೂ ಸಾಮಾರಿನ ಇನ್ನಿಬ್ಬರು ಗುರುಗಳನ್ನು ಹಿಡಿದು, ಗಂಟಲಿಗೆ ಬಲವಂತವಾಗಿ ನೀರು ಹೊಯ್ಯುವ ಹಿಂಸೆಗೆ ಗುರಿಮಾಡಲಾಯಿತು. ಆ ಅಧಿಕಾರಿ ಸೇನಾ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ; ಮೂರು ತಿಂಗಳ ಅಮಾನತಿನಲ್ಲಿ ಪ್ರಕರಣ ಮುಗಿಯಿತು. ಸ್ಮಿತ್ ಕೂಡ 1902ರಲ್ಲಿ ವಿಚಾರಣೆಗೆ ಒಳಗಾದ, ಛೀಮಾರಿಯಷ್ಟೇ ಶಿಕ್ಷೆ. ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟ್ ಅವನನ್ನು ನಿವೃತ್ತಿಗೊಳಿಸಿದರು. ತನ್ನ ಜನರಲ್ಲೊಬ್ಬನನ್ನು ಕಟಕಟೆಗೆ ತಂದ ದೇಶ ಎಂಬ ಶ್ರೇಯ ಅಮೆರಿಕಕ್ಕೆ ಸಲ್ಲಲಿ. ಕಟಕಟೆಯಿಂದ ಅವನು ಪಿಂಚಣಿಗೆ ಇಳಿದ ಎಂಬುದೂ ನೆನಪಿರಲಿ.

ಗಂಟೆಗಳು ಹೋದದ್ದು ಈ ಗದ್ದಲದ ನಡುವೆ. ಎರಡು ದೊಡ್ಡ ಗಂಟೆಗಳನ್ನು 11ನೆಯ ಪದಾತಿ ದಳ ಹೊತ್ತೊಯ್ದು 1904ರಲ್ಲಿ ವಯೋಮಿಂಗ್ ರಾಜ್ಯದ ಷೈಯೆನ್ ನಗರದ ಸೇನಾ ಕೋಟೆಯಲ್ಲಿ ಇರಿಸಿತು. ಅದೇ ಮುಂದೆ ವಾರೆನ್ ವಾಯುನೆಲೆಯಾಯಿತು. ಚಿಕ್ಕದು 9ನೆಯ ಪದಾತಿ ದಳದ ಪಾಲಾಗಿ, ದಳ ಹೋದಲ್ಲೆಲ್ಲ ಹೋಗಿ, ಕಡೆಗೆ ದಕ್ಷಿಣ ಕೊರಿಯದ ಒಂದು ಸೇನಾ ಶಿಬಿರದ ಸಂಗ್ರಹಾಲಯ ಸೇರಿತು.

ಈಗ ನಮ್ಮ ವಿಚಾರಕ್ಕೆ ಬರೋಣ. ಗಂಟೆಗಳನ್ನು ಮರಳಿಸಬಾರದೆಂದು ವಯೋಮಿಂಗಿನ ಮಾಜಿ ಸೈನಿಕರ ಸಂಘಟನೆಗಳು ದಶಕಗಳ ಕಾಲ ಮುಂದಿಟ್ಟ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅವರು ಹೇಳಿದ್ದು: ಈ ಗಂಟೆ ಪ್ರಾರ್ಥನೆಗೆ ಕರೆಯಲಿಲ್ಲ, ಕೊಲೆಗೆ ಕರೆಯಿತು. ಯುದ್ಧದ ಉಪಕರಣವಾದ ಮೇಲೆ ಅದು ದೇವಾಲಯದ ವಸ್ತುವಾಗಿ ಉಳಿಯಲಿಲ್ಲ. ಈಗ ಅದು ಉಪಾಹಾರದ ಮುಂದೆ ನಿರಾಯುಧರಾಗಿ ಸತ್ತ ಎಳೆಯ ಸೈನಿಕರ ಸ್ಮಾರಕ.

ಸಂತ ಥಾಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರ ಸಂಗ್ರಹದಲ್ಲಿ ಯುದ್ಧದ ಕುರಿತು ಬರೆಯುವಾಗ ಹೊಂಚುಹಾಕಿ ಹೊಡೆಯುವುದು ಸರಿಯೇ ಎಂಬ ಪ್ರಶ್ನೆಯನ್ನೇ ಎತ್ತಿಕೊಂಡಿದ್ದಾರೆ. ಅವರ ಉತ್ತರದಲ್ಲಿ ಒಂದು ಸೂಕ್ಷ್ಮ ಭೇದವಿದೆ. ನಮ್ಮ ಉದ್ದೇಶವನ್ನು ಶತ್ರುವಿಗೆ ತಿಳಿಸದೆ ಮರೆಮಾಡುವುದು ತಪ್ಪಲ್ಲ. ಆದರೆ ಸುಳ್ಳಾಡುವುದು, ಕೊಟ್ಟ ಮಾತು ಮುರಿಯುವುದು ಶತ್ರುವಿನ ವಿಷಯದಲ್ಲೂ ಸಲ್ಲದು. ಈ ಅಳತೆಗೋಲಿನಿಂದ ನೋಡಿದರೆ ಬಲಾಂಗಿಗದವರ ರಾತ್ರಿಯ ಮೌನ ಒಪ್ಪತಕ್ಕದ್ದು; ಮಕ್ಕಳ ಹೆಸರಿನ ಶವಪೆಟ್ಟಿಗೆ, ಅದನ್ನು ಬಲಿಪೀಠವಿರುವ ಮನೆಯೊಳಗೆ ಇಟ್ಟದ್ದು ಒಪ್ಪತಕ್ಕದ್ದಲ್ಲ. ಹಸಿದವರೂ ಬಂಧಿತರೂ ಆದ ಜನ ಎದ್ದದ್ದರಲ್ಲಿ ನ್ಯಾಯವಿತ್ತು, ಎದ್ದ ರೀತಿಯಲ್ಲಿ ಎಲ್ಲವೂ ನ್ಯಾಯವಾಗಿರಲಿಲ್ಲ. ವೀರಗಾಥೆ ಹಾಡುವವರಿಗೆ ಈ ಮಾತು ರುಚಿಸದು. ಆದರೆ ಗುರುವಾದವನು ತನ್ನ ಕಡೆಯವರ ಕುರಿತೂ ಇದನ್ನು ಹೇಳಲಾಗದಿದ್ದರೆ ಎದುರು ಪಕ್ಷದ ಕುರಿತು ಬಾಯಿ ತೆರೆಯುವ ಹಕ್ಕನ್ನೂ ಕಳೆದುಕೊಳ್ಳುತ್ತಾನೆ.

ಇಷ್ಟನ್ನು ಒಪ್ಪಿದರೂ ಮಾಜಿ ಸೈನಿಕರ ತೀರ್ಮಾನ ಅದರಿಂದ ಹುಟ್ಟುವುದಿಲ್ಲ. ಒಂದು ವಸ್ತು ಏನೆಂಬುದನ್ನು ಅದು ಯಾವ ಗುರಿಗಾಗಿ ಉಂಟಾಯಿತೋ ಅದರಿಂದ ಅರಿಯಬೇಕೆಂದು ಅರಿಸ್ಟಾಟಲನ ಕಾಲದಿಂದ ತತ್ತ್ವಶಾಸ್ತ್ರ ಹೇಳುತ್ತ ಬಂದಿದೆ. ಒಮ್ಮೆ ಯಾರೋ ದುರ್ಬಳಕೆ ಮಾಡಿದ ಮಾತ್ರಕ್ಕೆ ಆ ಗುರಿ ಅಳಿಯದು. ಕಳ್ಳನು ಏಣಿಯನ್ನು ಬಳಸಿದನೆಂದು ಏಣಿ ಕನ್ನಗತ್ತರಿಯಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಗಂಟೆ ಆಶೀರ್ವದಿತ ವಸ್ತು. ಹಳೆಯ ವಿಧಿಯಲ್ಲಿ ಧರ್ಮಾಧ್ಯಕ್ಷರು ಅದನ್ನು ಪವಿತ್ರ ಜಲದಿಂದ ತೊಳೆದು, ತೈಲದಿಂದ ಅಭಿಷೇಕಿಸಿ, ಸಂತರೊಬ್ಬರ ಹೆಸರಿಡುತ್ತಿದ್ದರು. ಅದಕ್ಕೇ ಜನ ಆ ವಿಧಿಯನ್ನು ಗಂಟೆಯ ದೀಕ್ಷಾಸ್ನಾನ ಎನ್ನುತ್ತಿದ್ದರು. ಆಶೀರ್ವಾದದ ಮೂಲಕ ದೈವಾರಾಧನೆಗೆ ಮೀಸಲಾದ ವಸ್ತುಗಳನ್ನು, ಅವು ಖಾಸಗಿಯವರ ವಶದಲ್ಲಿದ್ದರೂ ಸಹ, ಲೌಕಿಕ ಉಪಯೋಗಕ್ಕೆ ತರಬಾರದೆಂದು ಧರ್ಮಸಭೆಯ ಕಾನೂನು ಸಂಹಿತೆಯ 1171ನೆಯ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಲೌಕಿಕ ಕಾನೂನೂ ಭಿನ್ನವಾಗಿರಲಿಲ್ಲ. ಚರ್ಚುಗಳ ಆಸ್ತಿಯನ್ನು ಶತ್ರು ಸರ್ಕಾರದ ಆಸ್ತಿಯೆಂದು ಎಣಿಸಬಾರದೆಂದು ಅಮೆರಿಕದ ಸೇನೆಯೇ 1863ರಲ್ಲಿ ಲಿಂಕನ್ನರ ಕಾಲದಲ್ಲಿ ಹೊರಡಿಸಿದ ಯುದ್ಧ ನಿಯಮಾವಳಿಯಲ್ಲಿ ಬರೆದುಕೊಂಡಿತ್ತು. ಆ ನಿಯಮಾವಳಿ 1901ರಲ್ಲೂ ಜಾರಿಯಲ್ಲಿತ್ತು.

ಆದ್ದರಿಂದ ಗಂಟೆಗಳ ಮರಳಿಕೆಯನ್ನು ಔದಾರ್ಯವೆಂದೋ ಸ್ನೇಹದ ಕಾಣಿಕೆಯೆಂದೋ ಬಣ್ಣಿಸುವುದು ನಮಗೆ ಒಪ್ಪಿಗೆಯಿಲ್ಲ. ಅಕ್ವಿನಾಸರು ಮರುಪಾವತಿಯನ್ನು ದಯೆಯ ಅಧ್ಯಾಯದಲ್ಲಿ ಇಟ್ಟಿಲ್ಲ, ನ್ಯಾಯದ ಅಧ್ಯಾಯದಲ್ಲಿ ಇಟ್ಟಿದ್ದಾರೆ. ತೆಗೆದುಕೊಂಡದ್ದನ್ನು ಹಿಂದಿರುಗಿಸುವುದು ಸಾಲ ತೀರಿಸಿದಂತೆ. ಸಾಲ ತೀರಿಸಿದವನನ್ನು ನಾವು ಗೌರವಿಸುತ್ತೇವೆ, ದಾನಿಯೆಂದು ಕರೆಯುವುದಿಲ್ಲ.

ಈ ಸಾಲ ತೀರಲು ಎಷ್ಟು ಕಾಲ ಹಿಡಿಯಿತೆಂಬುದನ್ನು ನೋಡಿ. ಫಿಲಿಪ್ಪೀನ್ಸಿನ ಶ್ರೇಷ್ಠ ಇತಿಹಾಸಕಾರರಾದ ಯೇಸುಸಭೆಯ ಫಾದರ್ ಹೊರಾಸಿಯೊ ದೆ ಲಾ ಕೋಸ್ತಾ 1957ರಲ್ಲೇ ಅಮೆರಿಕದ ವಾಯುಸೇನೆಯ ಇತಿಹಾಸಕಾರರಿಗೆ ಪತ್ರ ಬರೆದು, ಗಂಟೆಗಳು ಸೇರಬೇಕಾದದ್ದು ಎಲ್ಲಿಗೆಂದು ತಿಳಿಸಿದ್ದರು. 1990ರ ದಶಕದಲ್ಲಿ ಅಧ್ಯಕ್ಷ ಫಿಡೆಲ್ ರಾಮೊಸ್ ಪ್ರಯತ್ನಿಸಿದರು. ಪ್ರತಿಕೃತಿ ಮಾಡಿಸಿ ಹಂಚಿಕೊಳ್ಳೋಣವೆಂಬ ರಾಜಿಯ ಮಾತೂ ಬಂತು, ಅದೂ ಬಿದ್ದುಹೋಯಿತು. ಸೈನಿಕರ ಸ್ಮಾರಕಗಳನ್ನು ಹೊರದೇಶಕ್ಕೆ ಕೊಡಬಾರದೆಂದು ಅಮೆರಿಕದ ಸಂಸತ್ತು ಶಾಸನವನ್ನೇ ಮಾಡಿತು. 2017ರ ಜುಲೈಯಲ್ಲಿ ಅಧ್ಯಕ್ಷ ದುತೆರ್ತೆ ತಮ್ಮ ವಾರ್ಷಿಕ ಭಾಷಣದಲ್ಲಿ ಬಹಿರಂಗವಾಗಿ ಕೇಳಿದರು. ಅದೇ ವರ್ಷದ ಕೊನೆಗೆ ಅಮೆರಿಕದ ಶಾಸನ ಸಡಿಲಗೊಂಡಿತು. 2018ರ ನವೆಂಬರ್ 14ರಂದು ರಕ್ಷಣಾ ಕಾರ್ಯದರ್ಶಿ ಜೇಮ್ಸ್ ಮ್ಯಾಟಿಸ್ ಸ್ವತಃ ವಾರೆನ್ ನೆಲೆಗೆ ಬಂದು ಬೀಳ್ಕೊಡುಗೆ ನೀಡಿದರು. ಡಿಸೆಂಬರ್ 11ರಂದು ಮೂರೂ ಗಂಟೆಗಳು ಮನಿಲಾಕ್ಕೆ, 15ರಂದು ಬಲಾಂಗಿಗಕ್ಕೆ ಮುಟ್ಟಿದವು. 1901ರಲ್ಲಿ ಪೆಟ್ಟು ತಿಂದು ಬದುಕುಳಿದ ಆ ಕಾವಲುಗಾರ ಸೈನಿಕನ ಮಗಳೇ ಮರಳಿಕೆಯ ಪರವಾಗಿ ದನಿಯೆತ್ತಿದವರಲ್ಲಿ ಒಬ್ಬಳು ಎಂಬುದು ಈ ಇಡೀ ಪ್ರಸಂಗದಲ್ಲಿ ನಮ್ಮ ಮನಸ್ಸನ್ನು ಹೆಚ್ಚು ತಟ್ಟಿದ ಸಂಗತಿ. ಮಂತ್ರಿಗಳ ಭಾಷಣಗಳಿಗಿಂತ ಅದಕ್ಕೆ ತೂಕ ಹೆಚ್ಚು.

ಗಂಟೆಗಳು ಊರು ಮುಟ್ಟುವ ಮೊದಲೇ ಇನ್ನೊಂದು ವಾದ ಎದ್ದಿತ್ತು. ಅವುಗಳಲ್ಲಿ ಒಂದನ್ನು ಮನಿಲಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇಡಬೇಕೆಂಬ ಸೂಚನೆ ಸೆನೆಟ್ಟಿನಿಂದ ಬಂತು. ಇಡೀ ರಾಷ್ಟ್ರದ ಹೋರಾಟದ ಕುರುಹು ದೂರದ ಒಂದು ಹಳ್ಳಿಯಲ್ಲಿ ಏಕೆ ಇರಬೇಕು, ಎಲ್ಲರಿಗೂ ಕಾಣಲಿ ಎಂಬುದು ಅದರ ಹಿಂದಿನ ತರ್ಕ. ಬೊರೊಂಗನ್ ಧರ್ಮಪ್ರಾಂತ್ಯ ಇದನ್ನು ಖಡಾಖಂಡಿತವಾಗಿ ವಿರೋಧಿಸಿತು. ವಿರೋಧಿಸಿದ್ದು ಸರಿ ಎಂಬುದೇ ನಮ್ಮ ನಿಲುವು. ವಯೋಮಿಂಗಿನ ಸೇನಾನೆಲೆಯಲ್ಲಿ ಗಂಟೆ ಒಂದು ದೇಶದ ವಿಜಯಚಿಹ್ನೆಯಾಗಿತ್ತು. ಮನಿಲಾದ ಗಾಜಿನ ಪೆಟ್ಟಿಗೆಯಲ್ಲಿ ಇನ್ನೊಂದು ದೇಶದ ವಿಜಯಚಿಹ್ನೆಯಾಗುತ್ತಿತ್ತು. ಎರಡು ಕಡೆಯೂ ಅದು ಮೂಕ. ದೇಶಾಭಿಮಾನ ಒಳ್ಳೆಯದೇ, ಆದರೆ ಬಡ ಧರ್ಮಕೇಂದ್ರದ ಸ್ವತ್ತಿನ ಮೇಲೆ ಅದಕ್ಕೆ ಹಕ್ಕಿಲ್ಲ. ಪ್ರಭಾವಿಗಳು ದೇವಾಲಯದ ವಸ್ತುಗಳನ್ನು ಸಮಾಜದ ಹೆಸರಿನಲ್ಲಿ ಕೇಳುವ ಅಭ್ಯಾಸ ಒಂದು ದೇಶಕ್ಕೆ ಸೀಮಿತವಲ್ಲವಾದ್ದರಿಂದ ಇದನ್ನು ಸ್ವಲ್ಪ ಬಿಗಿಯಾಗಿಯೇ ಹೇಳಬೇಕಾಯಿತು.

ಇಲ್ಲಿ ಪಾಲಕ ಸಂತರ ನೆನಪಾಗುತ್ತದೆ. ಮೂರನೆಯ ಶತಮಾನದ ರೋಮಿನಲ್ಲಿ ಸೇವಾದರ್ಶಿಯಾಗಿದ್ದ ಸಂತ ಲಾರೆನ್ಸರ ಕೈಯಲ್ಲಿ ಧರ್ಮಸಭೆಯ ಭಂಡಾರವಿತ್ತು. ಅದನ್ನು ಒಪ್ಪಿಸೆಂದು ಅಧಿಕಾರಿ ಆಜ್ಞಾಪಿಸಿದಾಗ ಅವರು ನಗರದ ಬಡವರನ್ನೂ ಕುಂಟರನ್ನೂ ಕುರುಡರನ್ನೂ ಕರೆತಂದು, ಇವರೇ ಆ ಭಂಡಾರ ಎಂದು ತೋರಿಸಿದರೆಂಬ ಪರಂಪರೆಯನ್ನು ಅತ್ತೂರಿನ ಪ್ರವಚನಗಳಲ್ಲಿ ಎಲ್ಲರೂ ಕೇಳಿದ್ದಾರೆ. 258ರಲ್ಲಿ ಅವರು ರಕ್ತಸಾಕ್ಷಿಯಾದರು. ಬಲಾಂಗಿಗದಿಂದ ಹೊತ್ತೊಯ್ದದ್ದು ಮೂರು ಗಂಟೆಗಳನ್ನು ಮಾತ್ರವೇ? ಲಾರೆನ್ಸರ ಲೆಕ್ಕದಲ್ಲಿ ನಿಜವಾದ ಭಂಡಾರವೆನಿಸಿದ್ದ ಸಾಮಾರಿನ ಬಡವರು ಸುಟ್ಟ ಮನೆಗಳ ಬೂದಿಯಲ್ಲಿ ಹೋದರು. ಅವರನ್ನು ಯಾವ ವಿಮಾನವೂ ಮರಳಿ ತರಲಾರದು.

ಅಕ್ವಿನಾಸರು ಇದನ್ನೂ ಯೋಚಿಸಿದ್ದಾರೆ. ಪ್ರಾಣದಂತೆ ಮರಳಿ ಕೊಡಲಾಗದುದನ್ನು ಕಸಿದವನು ಸುಮ್ಮನಿರುವಂತಿಲ್ಲ. ಸಾಧ್ಯವಾದ ಬೇರೆ ರೂಪದಲ್ಲಿ ಪರಿಹಾರ ಸಲ್ಲಿಸಬೇಕು. 2018ರ ಸಮಾರಂಭಗಳಲ್ಲಿ ಮೈತ್ರಿಯ ಮಾತು ಬೇಕಾದಷ್ಟು ಕೇಳಿಬಂತು, ಸತ್ತವರ ಸ್ಮರಣೆಯೂ ಆಯಿತು. ಹತ್ತು ವರ್ಷದ ಆ ಆಜ್ಞೆಯ ಬಗ್ಗೆ ಕ್ಷಮೆಯ ಮಾತು ಬರಲಿಲ್ಲ. ಗಂಟೆ ಬಂದಿತೆಂದ ಮೇಲೆ ಲೆಕ್ಕ ಚುಕ್ತಾ ಆಯಿತೆನ್ನುವವರೊಡನೆ ನಾವು ಸಹಮತರಲ್ಲ. ಬಲಾಂಗಿಗದವರು ತಮ್ಮ ಕಡೆಯಿಂದ ಮಾಡಬೇಕಾದದ್ದೂ ಇದೆ. 1989ರ ಶಾಸನದಂತೆ ಸೆಪ್ಟೆಂಬರ್ 28 ಪೂರ್ವ ಸಾಮಾರಿನಲ್ಲಿ ರಜಾದಿನ. ಅಂದು ಹೋರಾಟದ ಪುನರಭಿನಯವೂ ನಡೆಯುತ್ತ ಬಂದಿದೆ. ಅಮೆರಿಕನ್ನರು ಹತ್ಯಾಕಾಂಡ ಎಂದ ಘಟನೆಯನ್ನು ಆ ಶಾಸನ ಮುಖಾಮುಖಿ ಎಂದು ಕರೆಯಿತು; ಹತ್ಯಾಕಾಂಡವೆಂಬ ಹೆಸರು ಬಳಿಕದ ಸುಡುವಿಕೆಗೇ ಸಲ್ಲಬೇಕೆಂದು ಅಲ್ಲಿಯವರ ವಾದ, ಅದರಲ್ಲಿ ಹುರುಳಿದೆ. ಕಾಕತಾಳೀಯವೆಂಬಂತೆ ಆ ದಿನವೇ ಫಿಲಿಪ್ಪೀನ್ಸಿನ ಮೊದಲ ಸಂತ, ಜಪಾನಿನಲ್ಲಿ ರಕ್ತಸಾಕ್ಷಿಯಾಗಿ 1987ರಲ್ಲಿ ಸಂತ ಪದವಿಗೇರಿದ ಲೊರೆಂಜೊ ರುಯಿಜ್ ಅವರ ಹಬ್ಬ. ಕೊಲ್ಲದೆ ಸತ್ತ ಒಬ್ಬ ಲೊರೆಂಜೊ ಆ ದಿನದ ಪಂಚಾಂಗದಲ್ಲಿ ಇರುವಾಗ, ಅಂದಿನ ಬಲಿಪೂಜೆಯಲ್ಲಿ ಕಾನೆಲ್ಲನ ಹೆಸರನ್ನೂ ಅವನ 47 ಸಂಗಡಿಗರನ್ನೂ ನೆನೆಯುವುದು ಆ ಧರ್ಮಕೇಂದ್ರಕ್ಕೆ ಭಾರವಾಗಬಾರದೆಂದು ನಾವು ಭಾವಿಸುತ್ತೇವೆ. ಮರಣದ ಗಂಟೆ ಪಕ್ಷ ನೋಡಿ ಹೊಡೆಯುವುದಲ್ಲ.

ಗಂಟೆಗಳು ಊರು ಸೇರಿದ ಮರುದಿನ ಡಿಸೆಂಬರ್ 16. ಅಂದಿನಿಂದ ಕ್ರಿಸ್ಮಸ್ ಮುನ್ನಾದಿನದವರೆಗೆ ಒಂಬತ್ತು ದಿನ ಕತ್ತಲು ಹರಿಯುವ ಮೊದಲೇ ಬಲಿಪೂಜೆಗೆ ನೆರೆಯುವುದು ಫಿಲಿಪ್ಪೀನಿಗರ ಹಳೆಯ ಪದ್ಧತಿ. ಸಿಂಬಾಂಗ್ ಗಾಬಿ ಎಂದು ಅದಕ್ಕೆ ಹೆಸರು. 2018ರ ಆ ಮೊದಲ ಮುಂಜಾವಿನ ಪೂಜೆಗೆ ಬಲಾಂಗಿಗದವರನ್ನು ಕರೆದದ್ದು ಅದೇ ಗಂಟೆಗಳು. ಗಲ್ಫ್ ನಾಡುಗಳಲ್ಲಿ ದುಡಿಯುವ ನಮ್ಮ ಮಕ್ಕಳು ಅಲ್ಲಿಯ ದೇವಾಲಯಗಳಲ್ಲಿ ಫಿಲಿಪ್ಪೀನಿಗರ ಪಕ್ಕದ ಬೆಂಚಿನಲ್ಲೇ ಕೂರುವವರು. ಡಿಸೆಂಬರಿನಲ್ಲಿ ಅವರ ಈ ಪೂಜೆಗಳನ್ನು ಕಂಡೂ ಇರುತ್ತಾರೆ. ಅವರಲ್ಲಿ ಸಾಮಾರಿನವರು ಯಾರಾದರೂ ಸಿಕ್ಕರೆ ಬಲಾಂಗಿಗದ ಗಂಟೆಗಳ ವಿಷಯ ಕೇಳಿ ನೋಡಲಿ. ನಾವು ಇಲ್ಲಿ ಬರೆದುದಕ್ಕಿಂತ ಹೆಚ್ಚಿನದನ್ನು ಅವರು ಹೇಳಿಯಾರು.